ನಿನ್ನ ತೂಕದ ಸ್ಪ್ರಿಂಗು

ಅಣ್ಣಾ,

ನೀನು ಆಸ್ಪತ್ರೆಯಿಂದ ಬರೆದ ಪ್ರಕಾರವೇ, ಗುಡ್ಡ ಹತ್ತುವ ನಿನ್ನ ಹಳೇ ಬೈಕಿನ ಮುಂದಿನ ಫೋರ್ಕ್ ಬಿಚ್ಚಿ ಹೊಸ ಮಾದರಿಯದನ್ನು ಕೂರಿಸಿದ್ದೇನೆ. ಹಳೆಯದರೊಳಗಿನ ಆಯಿಲ್ ಕೆಸರಾಗಿತ್ತು. "ಹೊಂಡಕ್ಕೆ ಬಿದ್ರೆ ಹಲ್ಲೆಲ್ಲಾ ಅಲ್ಲಾಡುತ್ತೆ" ಅಂತ ಹತ್ತು ವರ್ಷ ನೀನು ಗೊಣಗಿದ್ದು ಸುಳ್ಳಲ್ಲ.

ಓಡಿಸುವವರ ತೂಕ ನೋಡಿ ಫೋರ್ಕಿನೊಳಗೆ ಸ್ಪ್ರಿಂಗ್ ಹಾಕಬೇಕು ಅಂತ ಕಲಿಸಿದವನು ನೀನೇ. ಎಪ್ಪತ್ತೆಂಟು ಕಿಲೋ ಎಂದು ಬರೆದೆ. ನಾನೊಬ್ಬಳು ದಡ್ಡಿ, ನಂಬಿ ಅಷ್ಟಕ್ಕೇ ಹಾಕಿದೆ. ಭಾನುವಾರ ನಿನ್ನನ್ನು ನೋಡಲು ಬಂದಾಗ, ಮಂಚದಿಂದ ಕುರ್ಚಿಗೆ ನಾನೊಬ್ಬಳೇ ಎತ್ತಿ ಕೂರಿಸಿದೆನಲ್ಲ, ಆಗ ಗೊತ್ತಾಯಿತು. ನೀನು ಕಿಟಕಿ ಕಡೆ ಮುಖ ತಿರುಗಿಸಿದೆ.

ಮನೆಗೆ ಬಂದು ಎಲ್ಲವನ್ನೂ ಮತ್ತೆ ಬಿಚ್ಚಿದೆ. ಮೆತ್ತನೆಯ ಸ್ಪ್ರಿಂಗ್ ಹಾಕಿ, ಕೂತರೆ ಎಷ್ಟು ಕುಸಿಯುತ್ತದೆ ಎಂದು ಅಳೆಯಲು ನಿನ್ನ ಬದಲು ಅಮ್ಮನನ್ನು ಕೂರಿಸಿದೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡು, "ಅವನೀಗ ನನ್ನಷ್ಟೇ ಇದಾನೇನೇ?" ಅಂದಳು.

"ಹೂಂ, ಅಲ್ಲಾಡಬೇಡ" ಅಂದೆ.

ಅಳತೆ ಮುಗಿದ ಮೇಲೂ ಅವಳು ಬಹಳ ಹೊತ್ತು ಇಳಿಯಲಿಲ್ಲ.

ಮುಂದಿನ ಸಲ ನರ್ಸಮ್ಮ ತೂಕ ನೋಡಿದಾಗ ಇದ್ದದ್ದನ್ನು ಇದ್ದ ಹಾಗೇ ಬರೆ. ಅಂಗಡಿಯವನನ್ನು ವಿಚಾರಿಸಿದ್ದೇನೆ. ಈಗ ಹಾಕಿರುವುದಕ್ಕಿಂತ ಮೆತ್ತನೆಯ ಸ್ಪ್ರಿಂಗನ್ನು ಯಾರೂ ಮಾಡುವುದಿಲ್ಲವಂತೆ. ಆದ್ದರಿಂದ ತಟ್ಟೆಗೆ ಹಾಕಿದ್ದನ್ನು ಉಳಿಸದೆ ತಿನ್ನು.

ನಿನ್ನ ಗ್ರೀಸ್‌ಮೂತಿ ತಂಗಿ