ದೂತೆಯ ಹದಿನೇಳು

ಭಾನುವಾರ, ಜೂನ್ 9. ಸಂಜೆ

ಬಟ್ಟೆ ನೆನೆಹಾಕಿದ್ದನ್ನು ಮರೆತೇ ಹೋಗಿದ್ದೆ. ಬಂದು ಒಗೆದು ಹರವಿದ್ದಾಯಿತು. ಕೈಯೆಲ್ಲ ಸೋಪಿನ ವಾಸನೆ. ಇರಲಿ, ಇವತ್ತು ಖುಷಿಯಾಗಿದ್ದೇನೆ.

ತಮ್ಮ ಕೊನೆಗೂ ನನ್ನನ್ನು ತನ್ನ ಆಟದ ಗುಂಪಿಗೆ ಸೇರಿಸಿಕೊಂಡ. ಮೇಷ್ಟ್ರ ಮನೆಯ ಊಟದ ಮೇಜು, ಸುತ್ತ ನಾಲ್ಕು ಜನ. ಮೇಷ್ಟ್ರು ಹೈಸ್ಕೂಲಿನಲ್ಲಿ ನಾಟಕ ಕಲಿಸುವವರು, ಆಟ ನಡೆಸುವವರೂ ಅವರೇ. ತಮ್ಮ. ಆಸ್ಪತ್ರೆಯ ನರ್ಸ್ ಒಬ್ಬರು, ಎಲ್ಲರೂ ಸಿಸ್ಟರ್ ಅನ್ನುತ್ತಾರೆ. ಈಗ ನಾನು. ಮೇಷ್ಟ್ರು ಕಥೆ ಹೇಳುತ್ತಾ ಹೋಗುತ್ತಾರೆ, ಅದರೊಳಗೆ ನಮಗೆಲ್ಲ ಒಂದೊಂದು ಪಾತ್ರ. ಏನು ಮಾಡುತ್ತೇವೆಂದು ನಾವು ಹೇಳಬೇಕು. ಕೈಗೂಡುತ್ತದೋ ಇಲ್ಲವೋ ದಾಳ ಹೇಳುತ್ತದೆ.

ಮೊದಲು ಪಾತ್ರಕ್ಕೆ ಅಂಕ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಮೂರು ದಾಳ ಉರುಳಿಸಿ ಕೂಡಿಸಿದರೆ ಒಂದು ಅಂಕ, ಹೆಚ್ಚೆಂದರೆ ಹದಿನೆಂಟು. ಹೀಗೆ ಆರು ಅಂಕ, ಯಾವುದು ಯಾವ ಗುಣಕ್ಕೆ ಎಂಬುದು ನಮಗೆ ಬಿಟ್ಟದ್ದು. ಕಥೆಯಲ್ಲಿ ಕಷ್ಟದ ಕೆಲಸ ಎದುರಾದರೆ ಇಪ್ಪತ್ತು ಮುಖದ ದಾಳ ಎಸೆಯಬೇಕು. ಬಿದ್ದದ್ದು ಆ ಗುಣದ ಅಂಕವನ್ನು ಮೀರದಿದ್ದರೆ ಗೆದ್ದ ಹಾಗೆ.

ತಮ್ಮನದು ಬಂಡೆ ಎಂಬ ಜಟ್ಟಿ. ಬಲ ಹದಿನೆಂಟು! ನೀರಿನ ಕ್ಯಾನ್ ಎತ್ತುವುದಕ್ಕೆ ನನ್ನನ್ನು ಕರೆಯುವ ಹುಡುಗ. ಸಿಸ್ಟರದು ಮದ್ದು ಅರೆಯುವ ಮುದುಕಿ. ನನಗೆ ಬಿದ್ದದ್ದೆಲ್ಲ ಸಾಧಾರಣ, ಒಂದು ಹದಿನೇಳು ಬಿಟ್ಟು. ಯಾವ ಗುಣಕ್ಕೆ ಹಾಕುತ್ತೀರಿ ಎಂದು ಕೇಳಿದರು ಮೇಷ್ಟ್ರು. ಯೋಚಿಸಲೇ ಇಲ್ಲ. ವರ್ಚಸ್ಸಿಗೆ. ರಾಣಿಯ ದೂತೆ ಅವಳು. ಬಾಯಿ ತೆರೆದರೆ ದರ್ಬಾರೆಲ್ಲ ಕಿವಿಯಾಗಬೇಕು.

ನನಗೆ ಉಗ್ಗು ಇದೆ ಎಂಬುದೇ ಇವತ್ತು ನೆನಪಾಗಲಿಲ್ಲ.

ಭಾನುವಾರ, ಜೂನ್ 16. ಸಂಜೆ

ಮೈಯೆಲ್ಲ ಉರಿಯುತ್ತಿದೆ. ಬರೆಯದಿದ್ದರೆ ಏನಾದರೂ ಒಡೆದುಹಾಕುತ್ತೇನೆ.

ಕಥೆ ಹೀಗೆ. ರಾಣಿಯ ಒಂದು ಹಳ್ಳಿಯವರನ್ನು ಕೋಟೆಯ ಒಡೆಯನೊಬ್ಬ ಹಿಡಿದು ಕೂಡಿಹಾಕಿದ್ದಾನೆ. ನಾವು ಬಿಡಿಸಿ ತರಬೇಕು. ದಾರಿಯಲ್ಲಿ ಒಂದು ಕೊರಕಲು. ಮುದುಕಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾರುತ್ತೇನೆ ಅಂದ ತಮ್ಮ. ಕುರ್ಚಿಯಿಂದ ಏಳಲಿಲ್ಲ, ಬಾಯಲ್ಲಿ ಬಿಸ್ಕತ್ತು ಬೇರೆ. ದಾಳ ಎಸೆದ, ಹನ್ನೊಂದು ಬಿತ್ತು. ಬಂಡೆ ಆಚೆ ದಡ ಸೇರಿದ. ಎಲ್ಲರೂ ಚಪ್ಪಾಳೆ.

ಆಮೇಲೆ ಕೋಟೆಯ ಬಾಗಿಲು. ನನ್ನ ಸರದಿ. ದೂತೆ ಕಾವಲುಗಾರರನ್ನು ಮಾತಿನಲ್ಲಿ ಒಲಿಸುತ್ತಾಳೆ ಎಂದು ಹೇಳಿ ದಾಳಕ್ಕೆ ಕೈ ಹಾಕಿದೆ. ಮೇಷ್ಟ್ರು ದಾಳದ ಮೇಲೆ ಅಂಗೈ ಇಟ್ಟರು.

"ದಾಳ ಆಮೇಲೆ. ದೂತೆ ಏನಂತಾಳೋ ಅದನ್ನ ನಿಮ್ಮ ಬಾಯಲ್ಲೇ ಹೇಳಿ."

ಹೇಳಲು ಹೋದೆ. ಬಾಗಿಲು ಎನ್ನಬೇಕಿತ್ತು. ಬ ನನಗೆ ಆಗದ ಅಕ್ಷರ. ತುಟಿ ಮುಚ್ಚಿತು, ತೆರೆಯಲಿಲ್ಲ. ಎಂದಿನಂತೆ ತಮ್ಮ ಆ ಪದವನ್ನು ತಾನೇ ಮುಗಿಸಲು ಬಂದ. ಮೇಷ್ಟ್ರು ಅವನನ್ನು ತಡೆದರು, ಅವರೇ ಹೇಳಲಿ ಎಂದರು. ಮೂವರೂ ನನ್ನ ಬಾಯನ್ನೇ ನೋಡುತ್ತಾ ಕೂತರು. ನೋಡಿದಷ್ಟೂ ಅದು ಬಿಗಿಯುತ್ತದೆ… ಕೊನೆಗೆ ಮೇಷ್ಟ್ರು ಕಥೆ ಹೇಳುವ ಧ್ವನಿಯಲ್ಲಿ, ದೂತೆ ತಡವರಿಸಿದಳು, ಕಾವಲುಗಾರರು ನಕ್ಕರು, ಬಾಗಿಲು ತೆಗೆಯಲಿಲ್ಲ ಎಂದರು.

ದಾಳ ಎಸೆಯಲೇ ಇಲ್ಲ.

ತಡವರಿಸಿದ್ದು ದೂತೆಯಲ್ಲ, ನಾನು. ಅವಳಿಗೆ ಹದಿನೇಳು ಇದೆ. ಹಾಳೆಯ ಮೇಲೆ ಬರೆದಿದೆ. ಹಾಗಾದರೆ ಆ ಅಂಕ ಯಾಕೆ? ಶೋಭೆಗೆ? ತಮ್ಮನ ತೋಳು ಯಾರೂ ಮುಟ್ಟಿ ನೋಡಲಿಲ್ಲವಲ್ಲ. ಸಿಸ್ಟರಿಗೆ ಮದ್ದು ಅರೆದು ತೋರಿಸಿ ಅನ್ನಲಿಲ್ಲವಲ್ಲ. ನನ್ನ ನಾಲಿಗೆಯೊಂದಕ್ಕೇ ಪರೀಕ್ಷೆ.

ಮಂಗಳವಾರ, ಜೂನ್ 18

ಅಂಗಡಿಯಲ್ಲಿ ಒಂದು ಲೆನ್ಸ್ ಅಂಚು ಮುಕ್ಕಾಯಿತು. ನನ್ನ ಕೈಯಲ್ಲಿ ಹಾಗೆ ಆಗುವುದಿಲ್ಲ. ಮನಸ್ಸು ಕೋಟೆಯ ಬಾಗಿಲಲ್ಲಿತ್ತು.

ಕನ್ನಡಕದಂಗಡಿಯ ಒಳಕೋಣೆಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಯಂತ್ರದ ಸದ್ದಿಗೆ ಯಾರೂ ಮಾತಾಡಿಸುವುದಿಲ್ಲ. ಕೌಂಟರು ಬೇಡ ಎಂದವಳು ನಾನೇ. ಬನ್ನಿ ಎಂದು ಯಾರೂ ಒತ್ತಾಯ ಮಾಡಲೂ ಇಲ್ಲ ಎನ್ನುವುದು ಬೇರೆ ಮಾತು. ವಾರವಿಡೀ ಬಾಯಿ ಮುಚ್ಚಿಕೊಂಡು ಇರುವವಳು ಒಂದು ಮಧ್ಯಾಹ್ನ ಮಾತುಗಾತಿಯಾಗಿ ಇರಬಾರದೆ? ಅದಕ್ಕೇ ಅಲ್ಲವೆ ಆಟ?

ಭಾನುವಾರ, ಜೂನ್ 23

ಆಟ ಶುರುವಾಗುವ ಮೊದಲೇ ಎದ್ದು ಬಂದೆ.

ಸಿಸ್ಟರ್ ಅಡುಗೆಮನೆಯಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ. ಅವರದು ಒಳ್ಳೆಯ ಮನಸ್ಸು, ಅದನ್ನು ಒಪ್ಪುತ್ತೇನೆ.

"ಬೇಜಾರು ಮಾಡ್ಕೋಬೇಡಿ. ಮೊದಮೊದಲು ಹಾಗೇ. ನಿಮ್ಮ ತಮ್ಮ ಎಷ್ಟು ಆಸೆ ಇಟ್ಕೊಂಡಿದಾರೆ ಗೊತ್ತಾ, ಆಡ್ತಾ ಆಡ್ತಾ ನಿಮ್ಮ ಮಾತು ಸರಿಹೋಗುತ್ತೆ ಅಂತ. ಅದಕ್ಕೇ ತಾನೆ ಮೇಷ್ಟ್ರ ಹತ್ರ ಕೇಳ್ಕೊಂಡಿದ್ದು."

ನನಗೆ ಗೊತ್ತಿದೆ ಎಂದುಕೊಂಡಿದ್ದರು ಪಾಪ. ನನ್ನ ಮುಖ ನೋಡಿ ಕೈಯಲ್ಲಿದ್ದ ಕಪ್ಪು ಹಾಗೇ ಹಿಡಿದು ನಿಂತರು.

ತಮ್ಮ ಬಸ್‌ ಸ್ಟಾಪಿನ ತನಕ ಓಡಿ ಬಂದ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಅಕ್ಕ ಎಂದ. ಬಸ್ಸಿಗೆ ಕಾಯಲಿಲ್ಲ. ಅವನು ನಿಂತ, ನಾನು ನಡೆದೇ ಬಂದೆ.

ಒಳ್ಳೆಯದಕ್ಕೆ. ಕನ್ನಡಿ ಮುಂದೆ ನಿಲ್ಲಿಸಿ ಪಾಠ ಓದಿಸಿದ ಅಮ್ಮನೂ ಒಳ್ಳೆಯದಕ್ಕೇ ಮಾಡಿದ್ದು. ಬಾಯಲ್ಲಿ ಗೋಲಿ ಇಟ್ಟುಕೊಂಡು ಮಾತಾಡಿಸಿದ ಚಿಕ್ಕಪ್ಪನೂ ಅಷ್ಟೇ. ಡಾಕ್ಟರುಗಳು ಸರಿ, ಅವರ ಬಳಿಗೆ ನಾನಾಗಿ ಹೋಗಿದ್ದೆ. ಆದರೆ ಆಟಕ್ಕೆ? ಕಥೆಗೆ? ಆಡೋಣ ಬಾ ಎಂದು ಕರೆದುಕೊಂಡು ಹೋಗಿ ರಿಪೇರಿಗೆ ಕೊಟ್ಟು ಬಂದಿದ್ದಾನೆ. ಚಪ್ಪಾಳೆ ತಟ್ಟುವಾಗಲೂ ಮೂವರೂ ನನ್ನ ಬಾಯಿ ಎಷ್ಟು ಸಡಿಲವಾಗಿದೆ ಎಂದು ಅಳೆಯುತ್ತಿದ್ದರೋ ಏನೋ.

ನಾನು ಸರಿಹೋಗದೆಯೇ ಇದ್ದರೆ? ಆಗ ನನಗೆ ಕಥೆ ಇಲ್ಲವೆ?

ಮಂಗಳವಾರ, ಜೂನ್ 25

ತಮ್ಮನ ಜೊತೆ ಮಾತಿಲ್ಲ. ತಟ್ಟೆ ಇಟ್ಟು ಎದ್ದು ಹೋಗುತ್ತೇನೆ. ಉಪ್ಪು ಬೇಕಾದರೂ ಕೇಳದೆ ತಿನ್ನುತ್ತಿದ್ದಾನೆ. ತಿನ್ನಲಿ.

ಗುರುವಾರ, ಜುಲೈ 11

ಇವತ್ತು ತಮ್ಮ ಬಾಗಿಲ ಬಳಿ ನಿಂತು, ನನ್ನನ್ನು ನೋಡದೆ, ಭಾನುವಾರ ಕೋಟೆಯ ಬಾಗಿಲು ಒಡೆಯುವುದೆಂದು ತೀರ್ಮಾನವಾಗಿದೆ ಅಂದ. ಬಂಡೆ ಒಡೆಯುತ್ತಾನಂತೆ. ಇಷ್ಟು ದಿನ ಸುಮ್ಮನೆ ಕಾದರಂತೆ, ದೂತೆ ಬರಬಹುದೆಂದು.

ಮೂರ್ಖರು. ಬಾಗಿಲಿಗೆ ಮೊದಲ ಪೆಟ್ಟು ಬಿದ್ದ ತಕ್ಷಣ ಒಳಗಿರುವವರ ಕತ್ತು ಹೋಗುತ್ತದೆ. ಕೋಟೆಯ ಒಡೆಯನಿಗೆ ಅವರು ಬೇಡವೇ ಬೇಡ, ಬೇಕಾಗಿರುವುದು ಹೊಳೆಯ ನೀರು. ಕೊರಕಲು ಬಂದಾಗಲೇ ಮೇಷ್ಟ್ರು ಹೇಳಿದ್ದರು, ಅದರ ಮೇಲ್ಗಡೆ ಒಡ್ಡು ಕಟ್ಟಿ ರಾಣಿ ನೀರು ತಿರುಗಿಸಿದ್ದಾಳೆ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾರುವ ಸಂಭ್ರಮ.

ಹೋಗದೆ ಇರುವ ಹಾಗಿಲ್ಲ.

ಭಾನುವಾರ, ಜುಲೈ 14. ಸಂಜೆ

ಹೋದೆ. ಕೂರಲಿಲ್ಲ. ಮೇಷ್ಟ್ರ ಕೋಣೆಯ ಮೂಲೆಯಲ್ಲಿ ಕಬ್ಬಿಣದ ಅಲ್ಮೇರಾ ಇದೆ, ತುಂಬ ಪುಸ್ತಕ. ಅದನ್ನು ತೋರಿಸಿ ತಮ್ಮನಿಗೆ ಎತ್ತು ಅಂದೆ.

ತಮಾಷೆ ಎಂದುಕೊಂಡ. ಮತ್ತೆ ಅಂದೆ. ಎದ್ದು ಹೋಗಿ ತಬ್ಬಿ ಹಿಡಿದ. ಮುಖ ಕೆಂಪಾಯಿತು, ಅಲ್ಮೇರಾ ಮಿಸುಕಲಿಲ್ಲ.

"ಬ… ಬ… ಬಂಡೆಗೆ ಹದಿನೆಂಟು. ಇವನಿಗೆ ಇದು ಎತ್ತೋಕಾಗಲ್ಲ. ಹಂಗಂತ ಬಂಡೆ ಕೊರಕಲಿಗೆ ಬಿದ್ದ ಅಂತ ಹೇಳಿದ್ರಾ ನೀವು?"

ಇಷ್ಟು ಹೇಳಲು ಎಷ್ಟು ಹೊತ್ತಾಯಿತೋ. ಯಾರೂ ಮಧ್ಯೆ ಬರಲಿಲ್ಲ.

ಮೇಷ್ಟ್ರು ಸೋಲುವ ಪೈಕಿ ಅಲ್ಲ, ವಾದಕ್ಕೆ ಕೂತರು. ಎಲ್ಲವನ್ನೂ ದಾಳವೇ ಮಾಡಿಬಿಟ್ಟರೆ ಮನುಷ್ಯರು ಮೇಜಿನ ಸುತ್ತ ಕೂರುವುದು ಯಾಕೆ, ಕಾವಲುಗಾರನನ್ನು ಒಲಿಸಿದೆ ಎಂದು ಒಂದು ಸಾಲು ಹೇಳಿ ದಾಳ ಎಸೆದರೆ ಅದರಲ್ಲಿ ಆಟ ಎಲ್ಲಿದೆ ಎಂದು ಕೇಳಿದರು. ಕೋಪದಲ್ಲೂ ಅನಿಸಿತು, ಅದು ಸುಳ್ಳಲ್ಲ. ಎಲ್ಲಿಂದ ಹಾರಬೇಕು, ಯಾರನ್ನು ಹೊತ್ತು ಹಾರಬೇಕು ಎಂದು ಯೋಚಿಸಿದ್ದು ತಮ್ಮನೇ. ಹಾರಿದ್ದು ಮಾತ್ರ ಬಂಡೆಯ ಕಾಲು.

"ಏನು ಹೇಳ್ಬೇಕು ಅನ್ನೋದು ನನ್ನ ತಲೆ ಮೇಷ್ಟ್ರೇ. ಅದನ್ನ ಕೇಳಿ, ಎಷ್ಟು ಹೊತ್ತಾದ್ರೂ. ಆದ್ರೆ ಅವರ ಕಿವಿಗೆ ಅದು ಹೆಂಗೆ ಬೀಳುತ್ತೆ ಅನ್ನೋದು ದೂತೇದು. ನನ್ನ ಉಗ್ಗು ಆ ಕೋಟೆ ಒಳಗೆ ಇಲ್ಲ. ಇಲ್ಲಿದೆ, ಈ ಮೇಜಿನ ಹತ್ರ. ಇಲ್ಲೇ ಇರುತ್ತೆ."

ಆಮೇಲೆ ಇನ್ನೊಂದು ಮಾತನ್ನೂ ಹೇಳಿದೆ. ನಾನು ಇಲ್ಲಿಗೆ ವಾಸಿಯಾಗಲು ಬಂದವಳಲ್ಲ ಎಂದು. ತಮ್ಮ ನೆಲ ನೋಡುತ್ತಿದ್ದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ತಪ್ಪಾಯ್ತು ಎಂದರು. ಒಂದೇ ಮಾತು, ನಾಟಕದ ಧ್ವನಿ ಇರಲಿಲ್ಲ. ದಾಳವನ್ನು ನನ್ನ ಕಡೆ ಸರಿಸಿದರು.

ಹೇಳಿದೆ. ಕೋಟೆಯ ಒಡೆಯನನ್ನೇ ಬಾಗಿಲಿಗೆ ಕರೆಸಿ ನೀರಿನ ಮಾತು ಪೂರ್ತಿ ಹೇಳಿದೆ. ಒಡ್ಡು ತೆಗೆಸುತ್ತೇನೆ, ಜನರನ್ನು ಬಿಡಿ, ಅಲ್ಲಿಯ ತನಕ ನಾನೇ ಒತ್ತೆ ಇರುತ್ತೇನೆ ಎಂದು. ಬ ಬಂದಾಗಲೆಲ್ಲ ಸಿಕ್ಕಿಹಾಕಿಕೊಂಡೆ. ಸಿಸ್ಟರ್ ಈ ಸಲ ನನ್ನ ಬಾಯನ್ನಲ್ಲ, ಕಣ್ಣನ್ನು ನೋಡಿದರು. ದಾಳ ಎಸೆದೆ. ಹದಿನೇಳರವರೆಗೆ ಏನು ಬಿದ್ದರೂ ಗೆಲುವು.

ಹತ್ತೊಂಬತ್ತು.

ಮೂವರೂ ದಾಳ ನೋಡಿ ನನ್ನ ಕಡೆ ತಿರುಗಿದರು. ಪಾಪ, ಹೋಗಲಿ ಬಿಡಿ ಎನ್ನುತ್ತಾರೇನೋ ಎಂದು ಹೆದರಿದೆ. ಮೇಷ್ಟ್ರು ಹಾಗನ್ನಲಿಲ್ಲ, ಪುಣ್ಯ. ಕೋಟೆಯ ಒಡೆಯ ಕೊನೆಯ ತನಕ ಕೇಳಿದ, ಇಷ್ಟು ಚೆನ್ನಾಗಿ ಮಾತಾಡಿದವರನ್ನು ಕಂಡಿಲ್ಲ ಅಂದ, ಆದರೆ ರಾಣಿಯ ಮಾತಿನ ಮೇಲೆ ಅವನಿಗೆ ನಂಬಿಕೆಯಿಲ್ಲ. ದೂತೆಯನ್ನೂ ಹಿಡಿದು ಸೆರೆಗೆ ಹಾಕಿದ.

ಸೋತೆ. ಎಲ್ಲರೂ ಸೋಲುವ ಹಾಗೆ ಸೋತೆ, ಬರೀ ದಾಳಕ್ಕೆ. ನಗು ತಡೆಯಲಾಗಲಿಲ್ಲ. ತಮ್ಮ ಗಾಬರಿಯಾಗಿ ನೋಡಿದ.

ಸೋಮವಾರ, ಜುಲೈ 15

ತಮ್ಮನಿಗೆ ಸೊಂಟ ಹಿಡಿದಿದೆ. ಮುಲಾಮು ಹಚ್ಚಿಕೊಟ್ಟೆ, ಸ್ವಲ್ಪ ಜೋರಾಗಿಯೇ. ಮಕಾಡೆ ಮಲಗಿದ್ದವನು ತಲೆಯೆತ್ತದೆ ಅಂದ:

"ನೀನು ಹೇಳೋದನ್ನ ನಾನು ಮುಗಿಸ್ತೀನಲ್ಲ ಅಕ್ಕ… ನಿನಗೆ ಕಷ್ಟ ಆಗುತ್ತೆ ಅಂತಲ್ಲ. ನನಗೆ ತಡೆಯೋಕಾಗಲ್ಲ, ಅದಕ್ಕೆ."

ಇಷ್ಟು ವರ್ಷದಲ್ಲಿ ಅವನು ಆಡಿದ ಮೊದಲ ಸತ್ಯ. ಸಿಟ್ಟು ಇಳಿದಿಲ್ಲ. ಆದರೂ ಮುಲಾಮು ಮೆಲ್ಲಗೆ ಹಚ್ಚಿದೆ.

ಭಾನುವಾರ, ಜುಲೈ 21. ಮಧ್ಯಾಹ್ನ

ತಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ. ಬೇಗ ಎನ್ನುತ್ತಿಲ್ಲ, ಗಡಿಯಾರ ಮಾತ್ರ ನೋಡುತ್ತಿದ್ದಾನೆ. ಹೊರಗಿನಿಂದ ಬಂಡೆ, ಮುದುಕಿ ಏನೋ ಉಪಾಯ ಹೂಡುತ್ತಿದ್ದಾರೆ. ಅವರನ್ನು ನಂಬಿ ಕೂತರೆ ಆಯಿತು ನನ್ನ ಕಥೆ. ಸೆರೆಮನೆಯ ಕಾವಲಿಗೆ ಒಬ್ಬಳು ಹೆಂಗಸಿದ್ದಾಳೆ, ಅವಳ ತೋಟಕ್ಕೂ ಅದೇ ಹೊಳೆಯ ನೀರು. ಅವಳ ಹತ್ತಿರ ಇವತ್ತು ಮೊದಲು ಹೇಳಬೇಕಾದ ಮಾತು ಏನೆಂದರೆ —