ಮಾಳಿಗೆಯ ಮಣ್ಣು

ಮೇ ೨೧, ಬುಧವಾರ

ಭಾನುವಾರ ಭೂಮಿ ಅಲುಗಿದಾಗ ಪಡಸಾಲೆಯ ಗೋಡೆ ಬಿರುಕು ಬಿಟ್ಟಿತ್ತು. ಇಂದು ಅದರೊಳಗೆ ಬೆರಳು ಹೋಗುತ್ತದೆ. ನನ್ನ ಯಜಮಾನರ ಚಿಕ್ಕಪ್ಪನ ಮಗ ಮಲ್ಲೇಶ ಗೌಂಡಿ ಕೆಲಸದವನು, ಮುದಗಲ್ಲಿನಿಂದ ಕರೆಸಿದೆ.

ಅವನು ಗೋಡೆಯನ್ನಲ್ಲ, ಮೇಲಿನ ಮಣ್ಣಿನ ಚಾವಣಿಯನ್ನು ನೋಡಿದ. "ವೈನಿ, ಬಿರುಕಿಗೆ ಅಂಜಬ್ಯಾಡ್ರಿ, ಮಾಳಿಗಿಗೆ ಅಂಜ್ರಿ. ಎರಡು ಮೊಳ ಮಣ್ಣೈತಿ. ಇನ್ನೊಮ್ಮಿ ಅಲುಗಿದ್ರ ಗೋಡಿಕಲ್ಲು ಜಾರಿ ಅಷ್ಟೂ ಒಳಗಿದ್ದವರ ಮ್ಯಾಲ ಬೀಳತೈತಿ. ನಾಳೆನ ಇಳಸ್ತೀನಿ."

ಸೋರಬಾರದೆಂದು ಪ್ರತಿ ಬೇಸಿಗೆ ಇವರು ಹಳೆಯದರ ಮೇಲೆಯೇ ಹೊಸ ಮಣ್ಣು ಹೊತ್ತು ಹಾಕುತ್ತಿದ್ದರು. ಹಳೆಯದನ್ನು ತೆಗೆಯುವ ರೂಢಿ ಊರಲ್ಲೇ ಇಲ್ಲ. ಹೋದ ಬೇಸಿಗೆಯಲ್ಲೂ ಹಾಕಿದರು. ಕಾರ್ತೀಕದಲ್ಲಿ ತೀರಿಕೊಂಡರು.

ಅತ್ತೆ ಕೋಲು ಕುಟ್ಟಿದರು. "ಮಳಿ ಬಂದ್ರ ನಿನ್ನ ಸಿಮೆಂಟ್ ಮನ್ಯಾಗ ಬಕೆಟ್ ಇಟ್ಕೊಂಡು ಕುಂದರ್ತಿ, ನನಗ ಹೇಳಾಕ ಬಂದಿ! ನನ್ನ ಮಗ ಹೊತ್ತ ಮಣ್ಣಿಗೆ ಸಲಿಕಿ ಹಚ್ತೀಯೇನಲೇ?"

ಅಂಗಳದಲ್ಲಾದರೂ ಹಾಸಿಕೊಡುತ್ತೇನೆ ಎಂದೆ. "ನೀ ಹೋಗ ಬೇ," ಎಂದು ಅದೇ ಗೋಡೆಯ ಬುಡದಲ್ಲಿ ಮಲಗಿದರು.

ಇವರು ಕೈಯಾರೆ ತುಳಿದು ಸಮ ಮಾಡಿದ ಮಣ್ಣನ್ನು ತಿಪ್ಪೆಗೆ ಸುರಿ ಎನ್ನಲು ನನಗೂ ಬಾಯಿ ಬರಲಿಲ್ಲ. ಮಲ್ಲೇಶ ಬಾಗಿಲಲ್ಲಿ ನಿಂತು, "ನಾಳೆ ಬರ್ಲೇನ್ರಿ?" ಎಂದು ಎರಡು ಸಲ ಕೇಳಿದ. ನಾನು ಚಹಾದ ಲೋಟ ತೊಳೆಯಲು ಒಳಗೆ ಹೋದೆ.

ಅತ್ತೆಯ ಪಕ್ಕದಲ್ಲೇ ನನಗೂ ಹಾಸಿಕೊಂಡಿದ್ದೇನೆ.