ತುಂಬಿದ ಕಾಲು

ಇಳಕಲ್ಲು
ಫೆಬ್ರವರಿ ಮೂವತ್ತು, ೨೧೯೪

ಹಿಂದಿನ ಕಾಲದ ಹಿರಿಯರೇ,

ತಾರೀಕು ತಪ್ಪಿ ಬರೆದದ್ದಲ್ಲ. ನಿಮ್ಮ ಫೆಬ್ರವರಿಗೆ ಇಲ್ಲದ ದಿನಗಳನ್ನು ನಾವು ಕೂಡಿಸಿಕೊಟ್ಟಿದ್ದೇವೆ. ನನ್ನ ಮಾತಿನಲ್ಲೂ ನಿಮಗೆ ಗುರುತಿಲ್ಲದ ಪದಗಳು ಬಂದಾವು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ನಾನು ಇಂದುಮತಿ, ಆಸ್ಪತ್ರೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಒಳಗೆ ನನ್ನ ಸೋದರತ್ತೆ ನೀಲವ್ವ ಉಸಿರಿಗಾಗಿ ಒದ್ದಾಡುತ್ತಿದ್ದಾಳೆ. ನನಗೆ ಭಯವಾಗಿದೆ.

ನಮ್ಮಲ್ಲಿ ಸೊಂಟದ ಕೀಲು ಬದಲಿಸುವುದೆಂದರೆ ಹಲ್ಲು ಕಟ್ಟಿಸಿದಷ್ಟು ಸಲೀಸು. ಬೆಳಿಗ್ಗೆ ಹೋದ ಮುದುಕರು ಸಂಜೆಗೆ ಮನೆಯಲ್ಲಿರುತ್ತಾರೆ. ಪ್ರತಿ ಪಡಸಾಲೆಯಲ್ಲೂ ನೋವುಗನ್ನಡಿ ಇದೆ. ಎದುರು ನಿಂತವರ ಮುಖ ನೋಡಿ ನೋವೆಷ್ಟೆಂದು ಹೇಳುವ ಕನ್ನಡಿ. ಬಂದವರ ಮುಂದೆ ನಗುವುದನ್ನು ನಮ್ಮ ಹೆಂಗಸರು ಚಿಕ್ಕಂದಿನಲ್ಲೇ ಕಲಿತಿರುತ್ತಾರೆಂಬುದು ಅದನ್ನು ಮಾಡಿದ ಜಾಣರಿಗೆ ಹೊಳೆಯಲಿಲ್ಲ. ಹೊಸ ಕೀಲಿನವರು ಓಡಾಡತೊಡಗಿದರೆ ಬಂಧುಬಳಗ ಸೇರಿ ಹೆಜ್ಜೆಹಬ್ಬ ಮಾಡುತ್ತದೆ. ಅಂದು ಅವರೇ ನಿಂತು ಎಲ್ಲರಿಗೂ ಹೋಳಿಗೆ ಬಡಿಸಬೇಕು. ಮೊದಲ ಪಂಕ್ತಿ ಎದ್ದ ಮೇಲೆ ಸೋದರ ಸೊಸೆ ಆ ಕಾಲಿಗೆ ಬೆಳ್ಳಿ ಕಡಗ ತೊಡಿಸುತ್ತಾಳೆ. ಕಾಲು ಊದಿದ್ದರೆ ‘ಕಾಲು ತುಂಬಿತು’ ಎನ್ನುತ್ತೇವೆ. ಅದು ಶುಭವಂತೆ! ಅದಕ್ಕೆಂದೇ ದೊಡ್ಡ ಕಡಗವೊಂದನ್ನು ಮಾಡಿಸಿಟ್ಟಿರುತ್ತೇವೆ.

ಬಲಸೊಂಟದ ಕೀಲು ಬದಲಿಸಿಕೊಂಡು ನಮ್ಮ ಮನೆಗೆ, ತನ್ನ ತವರಿಗೆ, ಬಂದಿದ್ದ ಅತ್ತೆಯ ಹಬ್ಬ ಇವತ್ತಿತ್ತು. ನಾನು ತಂದ ಕಡಗ ಕಾಲಿಗೆ ಏರಲೇ ಇಲ್ಲ. ಬಲಗಾಲು ಎಡಗಾಲಿಗಿಂತ ದಪ್ಪಗೆ, ಬೆಚ್ಚಗೆ, ಬಿಗಿದುಕೊಂಡಿತ್ತು. ಹೆಂಗಸರೆಲ್ಲ ತವರಿನ ಊಟ ಮೈಗೆ ಹತ್ತಿದೆ ಎಂದು ನಕ್ಕರು. ಒಬ್ಬರು ದೊಡ್ಡ ಕಡಗ ತಂದುಕೊಟ್ಟರು. ಅತ್ತೆ ಮೆಲ್ಲಗೆ ಅಂದಳು:

“ಮೀನಖಂಡ ಹಿಂಡಿಧಾಂಗ ನೋಯಾಕತ್ತೈತಿ. ದಿನಾ ಹೆಚ್ಚಾಗಾಕತ್ತೈತ್ರೆವಾ.”

ಅವಳ ನಾದಿನಿ ಶಿವಲೀಲವ್ವ ಎಲೆಗೆ ತುಪ್ಪ ಬಡಿಸುತ್ತಲೇ ಉತ್ತರಿಸಿದರು:

“ವಯಸ್ಸಾತಲ್ಲವಾ, ಅದು ಇರೂದ.”

ಅತ್ತೆ ನಕ್ಕಳು. ಕನ್ನಡಿ ನೋವಿಲ್ಲವೆಂದಿತು. ಅವಳು ಮತ್ತೆ ಹೋಳಿಗೆ ತಟ್ಟೆ ಎತ್ತಿಕೊಂಡಳು. ಎರಡನೇ ಪಂಕ್ತಿ ಏಳುವ ಮೊದಲೇ ಎದೆ ಹಿಡಿದುಕೊಂಡು ಕುಸಿದಳು.

ಆಪರೇಷನ್ ಆದ ಕಾಲಿಗೆ ತುಸು ಬಾವು ಬರುವುದುಂಟು, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುವುದೂ ಉಂಟು ಎಂದರು ಡಾಕ್ಟರಮ್ಮ. ಆದರೆ ಒಂದೇ ಕಾಲು ಊದುತ್ತ ಹೋಗಿ ಮೀನಖಂಡ ನೋಯುತ್ತಿದ್ದರೆ ಆ ದಿನವೇ ಕರೆತರಬೇಕಿತ್ತು. ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿದೆಯಂತೆ. ಬೆಳಗಾಗುವವರೆಗೆ ಏನೂ ಹೇಳಲಾರೆವು ಎಂದು ಒಳಗೆ ಹೋದರು. ಶಿವಲೀಲವ್ವ ನನ್ನ ಪಕ್ಕದಲ್ಲೇ ಕುಳಿತಿದ್ದಾರೆ, ಬಾಯಿಗೆ ಸೆರಗು ಒತ್ತಿಕೊಂಡು. ಅವರನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ. ಅವರ ಅವ್ವನೂ, ಆಕೆಯ ಅವ್ವನೂ ‘ವಯಸ್ಸಾತು, ಅದು ಇರೂದ’ ಎಂದೇ ಅನ್ನುತ್ತಿದ್ದರು.

ಆ ಮಾತು ಶುರುವಾದದ್ದು ನಿಮ್ಮ ಮನೆಗಳಲ್ಲಿ. ನೀವು ಸಮಾಧಾನಕ್ಕೆಂದು ಆಡಿದ್ದನ್ನು ನಾವು ಹಬ್ಬ ಮಾಡಿಕೊಂಡೆವು. ಅದಕ್ಕೇ ನಿಮ್ಮಲ್ಲಿ ಬೇಡುತ್ತಿದ್ದೇನೆ. ಸೊಂಟದ ಆಪರೇಷನ್ ಆದವರು ಮನೆಯಲ್ಲಿದ್ದರೆ ಇವತ್ತೇ ಹೋಗಿ ಅವರ ಎರಡೂ ಕಾಲು ಮುಟ್ಟಿ ನೋಡಿ. ನೋವಿದೆಯೇ ಎಂದು ಕೇಳಿ. ಏನೂ ಇಲ್ಲ ಎಂದು ಅವರು ನಕ್ಕರೆ, ಅಲ್ಲಿಂದ ಎದ್ದು ಬರಬೇಡಿ.